ಸುಮ್ಮನೆ ಕೂರುವುದು

“ಕೈ ಎಲ್ಲಿಡ್ಲಿ ಸಾರ್?”

“ಎಲ್ಲೂ ಇಡ್ಬೇಡ. ಬಿಟ್ಬಿಡು.”

ಶ್ರೀದೇವಿ ಕೈ ಬಿಟ್ಟಳು. ಬಿಟ್ಟ ಕೈ ಕೆಳಗೆ ಬೀಳುವ ಮೊದಲೇ ಬೆರಳುಗಳು ತಮ್ಮಷ್ಟಕ್ಕೆ ಓರೆಯಾದವು. ತೋಳಿಗೂ ಸೊಂಟಕ್ಕೂ ನಡುವೆ ಬೆಳಕು ನುಸುಳುವಷ್ಟು ಜಾಗ ತಾನಾಗಿ ತೆರೆದುಕೊಂಡಿತು. ಗಲ್ಲ ತುಸು ಇಳಿಯಿತು, ಭಾರ ಹಿಂಗಾಲಿಗೆ ಹೋಯಿತು.

ನಂದಕುಮಾರ್ ಕ್ಯಾಮೆರಾದಿಂದ ಕಣ್ಣು ತೆಗೆದ. ಇದೆಲ್ಲ ತಾನೇ ಕಲಿಸಿದ್ದು. ಜಯನಗರದ ಸ್ಟುಡಿಯೋಕ್ಕೆ ಅವಳು ಮೊದಲ ಸಲ ಬಂದಾಗ ನಿಲ್ಲಲು ಬರುತ್ತಿರಲಿಲ್ಲ. ಬಸ್ಸಿಗೆ ಕಾಯುವವಳ ಹಾಗೆ ನಿಂತಿದ್ದಳು. ಈಗ ಅವನಿಗೆ ಬೇಕಾಗಿದ್ದದ್ದು ಅದೇ ನಿಲುವು. ಅದು ಎಲ್ಲಿಯೂ ಉಳಿದಿರಲಿಲ್ಲ.

ಕೈಮಗ್ಗದ ಸೀರೆಗಳ ಜಾಹೀರಾತು. ತ್ಯಾಗರಾಜನಗರದಲ್ಲಿ ಹಳೆಯ ಮನೆಯೊಂದನ್ನು ದಿನದ ಬಾಡಿಗೆಗೆ ಹಿಡಿದಿದ್ದರು. ಏಜೆನ್ಸಿಯ ಹುಡುಗ ಚೈತನ್ಯ ಬೆಳಿಗ್ಗೆಯೇ ಹೇಳಿದ್ದ: “ಪೋಸ್ ಬೇಡ ಸಾರ್. ರೂಲ್ಸ್ ಎಲ್ಲ ಮುರೀರಿ. ಯಾರೂ ನೋಡ್ತಿಲ್ಲ ಅನ್ನೋ ಥರ ಇರ್ಬೇಕು.” ಹೇಳುವಾಗ ಅವನು ಕಂಬಕ್ಕೆ ಒರಗಿ, ಒಂದು ಪಾದವನ್ನು ಇನ್ನೊಂದರ ಮೇಲೆ ಅಡ್ಡ ಹಾಕಿ ನಿಂತಿದ್ದ.

ನಂದಕುಮಾರ್ ತಲೆಯಾಡಿಸಿದ್ದ. ಭಾನುವಾರದ ತರಗತಿಗಳಲ್ಲಿ ‘ಹೆಂಗಸು ನಿಲ್ಲುವುದು ನೆಲದ ಮೇಲಲ್ಲ, ನೋಡುವವನ ಕಣ್ಣಿನಲ್ಲಿ’ ಎಂದು ಹೇಳುವುದು ಅವನ ರೂಢಿ. ವಿದ್ಯಾರ್ಥಿಗಳು ಬರೆದುಕೊಳ್ಳುತ್ತಿದ್ದರು. ಅದಕ್ಕೆ ಏನಾದರೂ ಅರ್ಥವಿದೆಯೇ ಎಂದು ಅವನು ಯೋಚಿಸಿರಲಿಲ್ಲ.

“ಕುರ್ಚಿ ಮೇಲೆ ಕೂತ್ಕೋ. ಬೆನ್ನು ಬಗ್ಗಿಸು.”

ಬಗ್ಗಿಸಿದಳು. ಚೆನ್ನಾಗಿ ಬಗ್ಗಿಸಿದಳು.

“ಹಾಗಲ್ಲ. ಮನೇಲಿ ಹೇಗೆ ಕೂರ್ತೀಯ?”

“ಹೀಗೇ ಸಾರ್.”

“ಯಾರೂ ಇಲ್ದಾಗ?”

“ಗೊತ್ತಿಲ್ಲ ಸಾರ್. ನಾನು ನೋಡ್ಕೊಂಡಿಲ್ಲ,” ಎಂದು ನಕ್ಕಳು. ನಗು ಕೂಡ ಮುಕ್ಕಾಲು ಭಾಗ ಮಾತ್ರ ಕ್ಯಾಮೆರಾದ ಕಡೆಗಿತ್ತು.

ಊಟದ ಹೊತ್ತಾಯಿತು. ಯಾರೂ ಊಟದ ಮಾತೆತ್ತಲಿಲ್ಲ. ನಂದಕುಮಾರ್ ಕ್ಲಿಕ್ಕಿಸಿದ್ದೆಲ್ಲ ಮೂಲೆಯ ಲ್ಯಾಪ್‌ಟಾಪಿನಲ್ಲಿ ಮೂಡುತ್ತಿತ್ತು. ಚೈತನ್ಯ ಒಂದೊಂದನ್ನೂ ನೋಡಿ ತುಟಿ ಓರೆ ಮಾಡುತ್ತಿದ್ದ. “ಚೆನ್ನಾಗಿದೆ ಸಾರ್. ಆದ್ರೆ ಕ್ಯಾಲೆಂಡರ್ ಥರ ಇದೆ.” ಮತ್ತೊಮ್ಮೆ, ಇನ್ನೂ ಮೆಲ್ಲಗೆ: “ಬೇಕಾದ್ರೆ ನಾಳೆ ಬೇರೆ ಯಾರನ್ನಾದ್ರೂ ಟ್ರೈ ಮಾಡೋಣ್ವಾ?”

ಬೇರೆ ಯಾರನ್ನಾದರೂ ಎಂದರೆ ಮಾಡೆಲ್ಲೋ ಫೋಟೋಗ್ರಾಫರೋ, ಅವನು ಬಿಡಿಸಿ ಹೇಳಲಿಲ್ಲ.

ಆಮೇಲೆ ನಂದಕುಮಾರ್ ಆಡಿದ ಮಾತನ್ನು ಅವನು ಮೊದಲೇ ಯೋಚಿಸಿರಲಿಲ್ಲ. ಅದು ಯಾರದೋ ದನಿಯ ಹಾಗೆ ಹೊರಬಂತು.

“ನಿಮ್ಮಮ್ಮ ಹೋದ ದಿನ ಹೇಗೆ ಕೂತಿದ್ದೆ, ಹಾಗೆ ಕೂತ್ಕೋ.”

ಮೇಕಪ್ಪಿನ ಹೆಂಗಸು ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟಳು. ಶ್ರೀದೇವಿ ಅವನನ್ನೇ ನೋಡಿದಳು. ಹಾಗೆ ನೇರವಾಗಿ ನೋಡಬಾರದೆಂದು ಅವನೇ ಕಲಿಸಿದ್ದ. ನಂತರ ಅವಳು ಕೆಂಪು ಗಾರೆಯ ನೆಲದ ಮೇಲೆ ಕುಸಿದಳು. ಒಂದು ಕಾಲು ಮಡಚಿಕೊಂಡಿತು, ಇನ್ನೊಂದು ಎತ್ತಲೋ ಚಾಚಿಕೊಂಡಿತು. ಸೆರಗು ಜಾರಿ ತೊಡೆಯ ಮೇಲೆ ಮುದ್ದೆಯಾಯಿತು. ಅಂಗೈಗಳು ಮೇಲ್ಮುಖವಾಗಿ, ಏನನ್ನೋ ಕೊಟ್ಟು ಬರಿದಾದ ಹಾಗೆ ನೆಲದ ಮೇಲೆ ಬಿದ್ದಿದ್ದವು. ಬಾಯಿ ತುಸು ತೆರೆದಿತ್ತು.

ಅವನು ಕ್ಲಿಕ್ಕಿಸಿದ. ಬೆಳಕು ಸರಿಯಾಗಿತ್ತು. ಮತ್ತೆ ಕ್ಲಿಕ್ಕಿಸಿದ.

“ಗುರೂ…” ಎಂದ ಚೈತನ್ಯ ಲ್ಯಾಪ್‌ಟಾಪಿನ ಮುಂದೆ, ತನಗೆ ತಾನೇ. “ಸಖತ್.”

ಎಲ್ಲರೂ ಪರದೆಯ ಸುತ್ತ ಸೇರಿದರು. ನೆಲದ ಮೇಲಿದ್ದವಳ ಕಡೆಗೆ ಯಾರೂ ಹೋಗಲಿಲ್ಲ. ಅವಳು ತಾನಾಗಿಯೇ ಎದ್ದಳು, ಸೀರೆ ಬಿಚ್ಚಿ ಮಡಿಸಿ ಕೊಟ್ಟಳು, ತನ್ನ ಚೂಡಿದಾರ ತೊಟ್ಟು ಬಂದಳು.

ಗೇಟಿನ ಹತ್ತಿರ ಅವನು ಲೈಟಿನ ಸ್ಟ್ಯಾಂಡುಗಳನ್ನು ಕಾರಿಗೆ ತುಂಬುತ್ತಿದ್ದ. ಅವಳು ಬಂದು ನಿಂತಳು.

“ಅದು ಬೇಡ ಸಾರ್.”

“ಯಾವ್ದು?”

ಅವಳು ತೆರೆದ ಬಾಗಿಲಿನಾಚೆ ಆ ಕೆಂಪು ನೆಲದತ್ತ ನೋಡಿದಳು.

“ನೋಡೋಣ,” ಎಂದ. “ಕ್ಲೈಂಟ್ ಏನಂತಾರೋ.”

“ಅವತ್ತು ನೀವೂ ಇದ್ರಲ್ಲ ನಮ್ಮನೇಲಿ. ನೀವು ಹೇಗೆ ಕೂತಿದ್ರಿ ಸಾರ್?”

ದನಿಯಲ್ಲಿ ಕೋಪವಿರಲಿಲ್ಲ. ನಿಜವಾಗಿ ತಿಳಿಯಬೇಕು ಎಂಬ ಹಾಗೆ ಕೇಳಿದ್ದಳು. ಆಟೋ ಬಂತು, ಹತ್ತಿ ಹೋದಳು.

ಅವನು ಕಾರಿನಲ್ಲಿ ಕೂತ. ಗಿರಿನಗರದ ಆ ಮನೆ ಅವನಿಗೆ ಸ್ಪಷ್ಟವಾಗಿ ನೆನಪಿತ್ತು. ಶ್ರೀದೇವಿಯ ತಾಯಿ ಸಿದ್ದಗಂಗಮ್ಮನನ್ನು ಅವರ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ, ತೋಳಿಗೆ ವಿಭೂತಿ. ಕೊರಳ ತುಂಬ ಹಾರ. ತಲೆ ವಾಲದಂತೆ ಬಿಳಿಯ ಬಟ್ಟೆಯಿಂದ ಹಿಂದಕ್ಕೆ ಕಟ್ಟಿದ್ದರು. ಸತ್ತವಳು ನೆಟ್ಟಗೆ ಕೂತಿದ್ದಳು. ಬದುಕಿದ್ದ ಮಗಳು ಅವಳ ಕಾಲ ಬಳಿ ಮೂಟೆಯಂತೆ ಬಿದ್ದಿದ್ದಳು. ಬಾಗಿಲಿನಿಂದ ಬಂದ ಬೆಳಕು ಇಬ್ಬರ ಮೇಲೂ ಓರೆಯಾಗಿ ಬಿದ್ದಿತ್ತು. ಯಾರೋ ಭಜನೆ ಹಾಡುತ್ತಿದ್ದರು.

ಇಷ್ಟೆಲ್ಲ ನೆನಪಿತ್ತು. ಆ ಕೋಣೆಯಲ್ಲಿ ತಾನು ಮಾತ್ರ ಎಲ್ಲಿಯೂ ಇರಲಿಲ್ಲ.

ಇನ್ನೊಂದೂ ನೆನಪಾಯಿತು. ಬೇಡವೆಂದರೂ ಬಂತು. ಆ ಹೆಣವನ್ನು ನೋಡುತ್ತ ಅವನ ಮನಸ್ಸು ಹೇಳಿತ್ತು: ಗಲ್ಲ ಒಂಚೂರು ಕೆಳಗೆ.

ಬನಶಂಕರಿಯ ಸಿಗ್ನಲ್ಲಿನಲ್ಲಿ ಹೆಂಡತಿ ಶಾಲಿನಿಗೆ ಫೋನ್ ಮಾಡಿದ.

“ಬರ್ತಾ ಕೊತ್ತಂಬರಿ ಸೊಪ್ಪು ತನ್ನಿ,” ಎಂದಳು.

“ಶ್ರೀದೇವಿ ಅಮ್ಮ ತೀರ್ಕೊಂಡಾಗ ಹೋಗಿದ್ವಲ್ಲ.”

“ಹೂಂ. ಯಾಕೆ?”

“ನಾನು ಅಲ್ಲಿ ಏನ್ ಮಾಡ್ತಿದ್ದೆ?”

“ಏನ್ ಮಾಡ್ತಿದ್ರಿ ಅಂದ್ರೆ?”

“ಕೂತಿದ್ನಾ, ನಿಂತಿದ್ನಾ?”

ಆ ಕಡೆ ಕುಕ್ಕರ್ ಕೂಗಿತು.

“ನೀವು ಬಂದಿದ್ರಾ ಅವತ್ತು? ನಾನೊಬ್ಳೇ ಹೋಗಿದ್ದೆ ಅಂತ ನೆನಪು.”

“ಬಂದಿದ್ದೆ.”

“ಇರ್ಬೋದು ಬಿಡಿ,” ಎಂದಳು. “ಸೊಪ್ಪು ಮರೀಬೇಡಿ.”

ಹಿಂದಿನ ಸ್ಕೂಟರಿನವನು ಹಾರ್ನ್ ಒತ್ತಿದ. ಸಿಗ್ನಲ್ ಹಸಿರಾಗಿತ್ತು. ದಾಟುತ್ತಿದ್ದಂತೆ ಚೈತನ್ಯನ ಸಂದೇಶ ಬಂತು: ಕ್ಲೈಂಟಿಗೆ ತುಂಬಾ ಇಷ್ಟ ಆಗಿದೆ, ನೆಲದ ಮೇಲೆ ಕೂತಿರೋ ಫ್ರೇಮೇ ಫೈನಲ್, ರಿಂಗ್ ರೋಡಿನ ದೊಡ್ಡ ಹೋರ್ಡಿಂಗಿಗೆ ಅದೇ, ಓಕೆ ತಾನೆ ಸಾರ್?

ಅವನು ರಸ್ತೆಯ ಪಕ್ಕಕ್ಕೆ ಕಾರು ನಿಲ್ಲಿಸಿ ‘ಬೇಡ’ ಎಂದು ಬರೆದ. ಅಳಿಸಿದ. ‘ಅವಳನ್ನು ಕೇಳಿ’ ಎಂದು ಬರೆದ. ಅದನ್ನೂ ಅಳಿಸಿದ. ಈಚಿನ ವರ್ಷಗಳಲ್ಲಿ ತಾನು ತೆಗೆದ ಚಿತ್ರಗಳಲ್ಲಿ ಇಷ್ಟು ಒಳ್ಳೆಯದು ಇನ್ನೊಂದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅದು ಗೊತ್ತಿರುವುದೇ ಅವನಿಗೆ ಸಂಕಟವಾಗಿತ್ತು. ಸಂಕಟವೇ, ಅಥವಾ ಸಂಕಟಪಡುವವನ ಹಾಗೆ ಸ್ಟೀರಿಂಗಿಗೆ ಹಣೆಯೊತ್ತಿ ಕೂತಿದ್ದೇನೆಯೇ? ಹಣೆ ಎತ್ತಿದ. ಎತ್ತಿದ್ದೂ ಸಹಜವೆನಿಸಲಿಲ್ಲ.

ಸೊಪ್ಪು ಕೊಂಡು ಪದ್ಮನಾಭನಗರದ ಅಪಾರ್ಟ್‌ಮೆಂಟಿಗೆ ಬರುವಾಗ ಸಂಜೆಯಾಗಿತ್ತು. ಕೆಳಗಿನ ಹಜಾರದಲ್ಲಿ, ಲಿಫ್ಟಿನ ಪಕ್ಕ, ವಾಚ್‌ಮನ್ ಸಿದ್ದಲಿಂಗಯ್ಯನ ಮೇಜಿನ ಮೇಲೆ ಹೊಸ ಟೀವಿಯೊಂದನ್ನು ಇಟ್ಟಿದ್ದರು. ಅದರ ಎದುರಿಗೆ, ಮುಂಬಾಗಿಲ ಮೇಲೆ, ಒಳಮುಖವಾಗಿ ಕ್ಯಾಮೆರಾ ಕೂರಿಸಿದ್ದರು.

“ಇವತ್ತೇ ಹಾಕಿದ್ರು ಸಾರ್,” ಎಂದ ಸಿದ್ದಲಿಂಗಯ್ಯ. “ಬರೋರು ಹೋಗೋರು ಎಲ್ಲ ಕಾಣ್ತಾರೆ.”

ಪರದೆಯ ಮೇಲೆ ಒಬ್ಬ ಗಂಡಸಿನ ಬೆನ್ನು ಕಾಣುತ್ತಿತ್ತು. ಕೂದಲು ನಡುವೆ ತೆಳುವಾಗಿತ್ತು. ಒಂದು ಕೈಯಲ್ಲಿ ಸೊಪ್ಪಿನ ಕಟ್ಟು. ಯಾರೂ ನೋಡುತ್ತಿಲ್ಲವೆಂಬಂತೆ ನಿಂತಿದ್ದ ಆ ಮನುಷ್ಯ ತಾನೇ ಎಂದು ಹೊಳೆಯಲು ಕೊಂಚ ಹೊತ್ತು ಬೇಕಾಯಿತು.

ಮುಖ ನೋಡಬೇಕೆನಿಸಿತು. ತಿರುಗಿದ. ಈಗ ಎದುರಿಗೆ ಕ್ಯಾಮೆರಾ ಇತ್ತು; ಪರದೆ ಬೆನ್ನ ಹಿಂದಿತ್ತು. ಕತ್ತು ಹೊರಳಿಸಿ ಪರದೆಯತ್ತ ನೋಡಿದ. ಅಲ್ಲಿದ್ದವನೂ ಅಷ್ಟೇ ಬೇಗ ಮುಖ ತಿರುಗಿಸಿಕೊಂಡಿದ್ದ; ಒಂದು ಕಿವಿ ಮಾತ್ರ ಕಂಡಿತು.

ಜೇಬಿನಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು.

“ಸಾರ್, ಲಿಫ್ಟ್ ಬಂತು.”

ನಂದಕುಮಾರ್ ಮತ್ತೊಮ್ಮೆ ಕ್ಯಾಮೆರಾದ ಕಡೆಗೆ ತಿರುಗಿದ. ಮತ್ತೆ ಪರದೆಯ ಕಡೆಗೆ. ಬೆನ್ನು. ಪಕ್ಕದಲ್ಲಿ ಲಿಫ್ಟಿನ ಬಾಗಿಲು ತೆರೆದುಕೊಂಡಿತು, ಯಾರನ್ನೂ ಹತ್ತಿಸಿಕೊಳ್ಳದೆ ಮುಚ್ಚಿಕೊಂಡಿತು.