ದಾರಿ ಬಿಡುವ ಜಾಗ

ಅಮ್ಮನ ಕಣ್ಣಿನ ಪೊರೆ ತೆಗೆಸಲು ಮಾರನೆಯ ಬೆಳಿಗ್ಗೆ ನಾವು ಇನ್ವರ್ನೆಸ್ಸಿನ ಆಸ್ಪತ್ರೆಯಲ್ಲಿರಬೇಕಿತ್ತು. ಅದಕ್ಕೆ ಹನ್ನೊಂದೂವರೆಯ ಹಡಗು ಹಿಡಿಯಬೇಕು. ಅದು ತಪ್ಪಿದರೆ ಹ್ಯಾರಿಸ್ ದ್ವೀಪದಿಂದ ಕಾರು ದಾಟಿಸಲು ಆ ವಾರವಿಡೀ ಬೇರೆ ಜಾಗವಿರಲಿಲ್ಲ. ಜುಲೈ ಎಂದರೆ ಹಾಗೆಯೇ, ಪ್ರವಾಸಿಗಳ ಕಾಲ. ನಮ್ಮ ಮನೆಯಿಂದ ಟಾರ್ಬರ್ಟ್ ಬಂದರಿಗೆ ಒಂಬತ್ತು ಮೈಲಿ, ಚಳಿಗಾಲದಲ್ಲಿ ಇಪ್ಪತ್ತೈದು ನಿಮಿಷ. ನಾನು ಒಂದೂವರೆ ಗಂಟೆ ಮೊದಲೇ ಹೊರಟೆ.

ನಮ್ಮದು ಒಂದೇ ಕಾರಿನ ಅಗಲದ ರಸ್ತೆ. ಅಲ್ಲಲ್ಲಿ ಅಂಚು ಅಗಲವಾಗಿ ದಾರಿ ಬಿಡುವ ಜಾಗಗಳಿವೆ. ಎದುರು ಗಾಡಿ ಬಂದಾಗ ಆ ಜಾಗ ಯಾರಿಗೆ ಹತ್ತಿರವೋ ಅವರು ಸರಿದು ನಿಲ್ಲುತ್ತಾರೆ. ದಾಟಿ ಹೋಗುವವರು ಸ್ಟೀರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ. ಬೆರಳು ಎತ್ತದೆ ಹೋದವನ ಬಗ್ಗೆ ನಮ್ಮೂರಲ್ಲಿ ಒಂದು ವಾರ ಮಾತು ನಡೆಯುತ್ತದೆ.

ಮೊದಲ ತಿರುವಿನಲ್ಲೇ ಐದು ಕಾರುಗಳ ಸಾಲು ಬಂತು. ನಾನು ಹಿಂದೆ ಸರಿದು ನಿಂತೆ. ಐದರಲ್ಲಿ ಒಬ್ಬನೂ ಬೆರಳು ಎತ್ತಲಿಲ್ಲ. ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅಮ್ಮ ಮಾತ್ರ ಐದೂ ನೆರಳುಗಳಿಗೆ ತಪ್ಪದೆ ಕೈ ಎತ್ತಿದಳು.

"ಅವರೂ ಎತ್ತಿದ್ರೇನೆ, ಎಫಿ?"

"ಎತ್ತಿದ್ರಮ್ಮ."

ಎರಡು ವರ್ಷದಿಂದ ಇದೇ ಸುಳ್ಳು ಹೇಳಿಕೊಂಡು ಬಂದಿದ್ದೇನೆ.

ಮುಂದೆ ದಾರಿ ಬಿಡುವ ಜಾಗವೊಂದರಲ್ಲಿ ಇಬ್ಬರು ಮಡಿಚುವ ಕುರ್ಚಿ ಹಾಕಿಕೊಂಡು ಚಹಾ ಕಾಯಿಸುತ್ತಿದ್ದರು. ಎದುರಿನಿಂದ ಅಂಚೆಯ ವ್ಯಾನ್ ಬಂದದ್ದರಿಂದ ನಾನು ನನ್ನ ಹಿಂದಿದ್ದ ಜಾಗದವರೆಗೂ ರಿವರ್ಸ್ ಹೋಗಬೇಕಾಯಿತು. ಕುರ್ಚಿಯಲ್ಲಿದ್ದ ಹೆಂಗಸು ನಮ್ಮ ಫೋಟೋ ತೆಗೆದಳು. ಆಮೇಲೊಬ್ಬ ಕುರಿ ನೋಡಲು ನಡುರಸ್ತೆಯಲ್ಲೇ ಕಾರು ನಿಲ್ಲಿಸಿದ. ಕುರಿ ಕೂಡ ಬೇಸತ್ತು ಎದ್ದು ಹೋಯಿತು, ಅವನು ಹೋಗಲಿಲ್ಲ. ಗಂಟೆ ಹನ್ನೊಂದಾಗುತ್ತಾ ಬಂತು.

ಕೆರೆಯ ಮೇಲಿನ ತಿರುವಿನಲ್ಲಿ ಪ್ರವಾಸಿಗಳು ಒಳಗೇ ಮಲಗುವಂಥ ಬಿಳಿಯ ಕ್ಯಾಂಪರ್ ವ್ಯಾನ್ ಎದುರಾಯಿತು. ದಾರಿ ಬಿಡುವ ಜಾಗ ಅದನ್ನು ಓಡಿಸುತ್ತಿದ್ದವನ ಬೆನ್ನಿಗೇ ಇತ್ತು, ಹತ್ತು ಹೆಜ್ಜೆ ದೂರದಲ್ಲಿ. ನನ್ನ ಹಿಂದಿನದು ಗುಡ್ಡದ ಆಚೆ. ಆದರೂ ಅವನು ದೀಪ ಮಿನುಗಿಸಿ, ಹಿಂದೆ ಹೋಗು ಎಂಬಂತೆ ಕೈ ಬೀಸಿದ.

ನನ್ನ ಕೈ ಆಗಲೇ ಗೇರಿನ ಮೇಲಿತ್ತು. ಹತ್ತೊಂಬತ್ತು ವರ್ಷ ಗಂಡ ರೊನಾಲ್ಡನ ಜೊತೆ ಬಾಳಿದ್ದೂ ಹೀಗೆಯೇ. ಯಾವ ಮಾತಿನಲ್ಲಿ ಎದುರಾದರೂ ಸರಿದು ನಿಂತವಳು ನಾನು. ಬಿಟ್ಟು ಹೋಗುವಾಗ ಅವನು, "ನಮ್ಮಲ್ಲಿ ಒಂದು ದಿನವೂ ಜಗಳ ಆಗಲಿಲ್ಲ ನೋಡು" ಎಂದಿದ್ದ. ನಾನು ಗೇರಿನಿಂದ ಕೈ ತೆಗೆದು ಎಂಜಿನ್ ಆರಿಸಿದೆ.

ವ್ಯಾನಿನವನು ಇಳಿದು ಬಂದ. "ಸ್ವಲ್ಪ ಹಿಂದೆ ತಗೊಳ್ಳಿ ಮೇಡಂ."

"ಜಾಗ ನಿಮ್ಮ ಹಿಂದೇನೇ ಇದೆ."

"ಇಷ್ಟು ದೊಡ್ಡ ಗಾಡೀನ ನಾನು ಹೇಗೆ ರಿವರ್ಸ್ ತಗೊಳ್ಲಿ?"

ವ್ಯಾನಿನ ಕಿಟಕಿಯಿಂದ ಅವನ ಹೆಂಡತಿ ತಲೆ ಹೊರಹಾಕಿದಳು. "ಅವ್ರಿಗೆ ಬರಲ್ಲಮ್ಮ. ಮೂರು ದಿನದಿಂದ ಎಲ್ರನ್ನೂ ಹಿಂದಕ್ಕೆ ಕಳಿಸ್ಕೊಂಡೇ ಬರ್ತಿದ್ದಾರೆ."

"ನೀನು ಸುಮ್ನಿರು, ಹಿಲರಿ."

"ಕೀ ಗಾಡೀಲೇ ಇದೆಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋಗಿ ವ್ಯಾನ್ ಹತ್ತಿ ಕುಳಿತೆ. ಎಡಕ್ಕೆ ಚರಂಡಿ, ಬಲಕ್ಕೆ ಬಂಡೆ. ಹಿಲರಿ ನನ್ನ ಕೈಗಳನ್ನೇ ನೋಡುತ್ತಿದ್ದಳು. ಸೂಜಿಗೆ ದಾರ ಪೋಣಿಸುವಷ್ಟು ನಿಧಾನವಾಗಿ ವ್ಯಾನನ್ನು ಹಿಂದೆ ತಂದು ನಿಲ್ಲಿಸಿದೆ. ನಾನು ಕಾರಿನಲ್ಲಿ ದಾಟುವಾಗ ಅವನು ವ್ಯಾನಿನ ಕನ್ನಡಿಗೆ ಗೀರು ಬಿದ್ದಿದೆಯೇ ಎಂದು ಹುಡುಕುತ್ತಿದ್ದ. ಅಮ್ಮ ಅವನಿಗೂ ಕೈ ಎತ್ತಿದಳು.

ಬಂದರಿಗೆ ಬಂದಾಗ ಹಡಗಿಗೆ ಕಾಯುವ ಕಾರುಗಳ ಸಾಲುಗಳೆಲ್ಲ ಖಾಲಿ. ಕಾರು ಹತ್ತಿಸುವ ಕೆನ್ನಿ ಆಂಗಸ್ ಗಡಿಯಾರ ತೋರಿಸಿದ.

"ಹೊತ್ತು ಮೀರಿತಲ್ಲ, ಎಫಿ. ನಿನ್ನ ಜಾಗಕ್ಕೆ ಬೇರೆಯವರನ್ನ ಹತ್ತಿಸಿಬಿಟ್ಟೆ."

"ಅಮ್ಮನ ಕಣ್ಣು, ಕೆನ್ನಿ. ನಾಳೆ ಬೆಳಿಗ್ಗೆ."

ಅವನು ಕಾರಿನೊಳಗೆ ಬಗ್ಗಿ ಅಮ್ಮನನ್ನು ನೋಡಿದ. ಆಮೇಲೆ ಹಡಗಿನ ಹೊಟ್ಟೆಯ ಕಡೆ ನೋಡಿದ.

"ಲಾರಿ ಪಕ್ಕ ಒಂದು ಸಂದು ಉಳಿದಿದೆ. ಮೂತಿ ಮುಂದೆ ಮಾಡಿ ನುಗ್ಗಿಸಿದ್ರೆ ಆಚೆ ಇಳಿಸೋಕಾಗಲ್ಲ. ರಿವರ್ಸಲ್ಲೇ ಬರ್ಬೇಕು. ಆಗುತ್ತಾ?"

ನನಗೆ ನಗು ಬಂತು. ಈ ದ್ವೀಪದಲ್ಲಿ ನನ್ನಷ್ಟು ಹಿಂದಕ್ಕೆ ಹೋಗಿರುವವರು ಇನ್ನಾರಿದ್ದಾರೆ? ಕಬ್ಬಿಣದ ಇಳಿಜಾರಿನ ಮೇಲೆ, ಲಾರಿಗೆ ಒಂದು ಗೇಣು ಬಿಟ್ಟು, ಒಂದೇ ಸಲಕ್ಕೆ ಒಳಗೆ ತಂದೆ. ಕೆನ್ನಿ ಒಂದು ಬೆರಳು ಎತ್ತಿದ. ನಾನೂ ಎತ್ತಿದೆ.

ಹಿಂದೆ ಬಾಗಿಲು ಮುಚ್ಚುವ ಸದ್ದಾಯಿತು. ಅಮ್ಮ ಕೇಳಿದಳು: "ಆ ವ್ಯಾನಿನವನು ಕೈ ಎತ್ತಿದ್ನೇನೆ?"

ಈ ಸಲ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇಲ್ಲಮ್ಮ. ಬೆಳಿಗ್ಗೆಯಿಂದ ಪ್ರವಾಸಿಗಳು ಒಬ್ಬರೂ ಎತ್ತಿಲ್ಲ."

"ಗೊತ್ತು ಬಿಡು. ಕಣ್ಣು ಹೋದ್ರೇನು, ನೀನು ಪ್ರತಿ ಸಲ ಹಲ್ಲು ಕಡಿಯೋದು ಕೇಳಲ್ವಾ?" ಅಮ್ಮ ಚೀಲದೊಳಗೆ ತಡಕಾಡಿ, ಬ್ರೆಡ್ಡಿನ ಪೊಟ್ಟಣ ತೆಗೆದು ಅರ್ಧ ನನ್ನ ಕಡೆ ಚಾಚಿದಳು. "ಹಾಗಾದ್ರೆ ಕಣ್ಣು ಬಂದ್ರೂ ವಾಪಸ್ ಬರುವಾಗ ಈ ದಾರೀಲಿ ನಾನು ಕಣ್ಣು ಮುಚ್ಕೊಂಡೇ ಕೂತ್ಕೋಬೇಕು ಅನ್ನು."