ವೆಂಡೆಲ್ ಮಾರಿದ ಯಂತ್ರ

ವರ್ನಾ ಸುಟ್ಟು ಕರಕಲಾದ ಯಂತ್ರವೊಂದನ್ನು ಹಳೇ ಸಾಮಾನಿನ ಸಂತೆಗೆ ತಂದಾಗ ನಾನು ಸೇಬಿನ ಮುರಬ್ಬದ ಬಾಟಲಿಗಳನ್ನು ಜೋಡಿಸುತ್ತಿದ್ದೆ. ನನ್ನ ಪಕ್ಕದ ಮೇಜನ್ನು ಅವಳು ಬಾಡಿಗೆಗೆ ಹಿಡಿದಿದ್ದಳು. ಎದುರಿಗೇ ವೆಂಡೆಲ್ ಕ್ರೆಬ್ಸ್‌ನ ಅಂಗಡಿ.

"ಏನ್ ಮಾರ್ತೀಯೆ ಇದನ್ನ?" ಎಂದೆ.

"ಮಾರೋಕಲ್ಲ ಐಡಾ, ತೋರ್ಸೋಕೆ."

ಓಹಾಯೊ ನದಿಯ ದಂಡೆಯ ನಮ್ಮ ಊರಿನಲ್ಲಿ ವಸಂತದ ಮಳೆಯಿಂದ ಬೇಸಿಗೆ ಮುಗಿಯುವತನಕ ನೆಲಮಾಳಿಗೆಗಳೆಲ್ಲ ಬೆವರುತ್ತವೆ. ತೇವ ಹೀರುವ ಯಂತ್ರವಿಲ್ಲದ ಮನೆಯಿಲ್ಲ. ಅವುಗಳಲ್ಲಿ ಒಂದು ಕಂಪನಿಯವು ತಾವಾಗಿಯೇ ಹೊತ್ತಿಕೊಳ್ಳತೊಡಗಿದವು. ಕಂಪನಿಯವರು ಎಲ್ಲವನ್ನೂ ಹಿಂಪಡೆಯುವುದಾಗಿ ಸಾರಿದರು: ವೈರು ಕತ್ತರಿಸಿ, ಅದರ ಫೋಟೊ ಕಳಿಸಿ, ಯಂತ್ರ ಬಿಸಾಡಿ, ನಿಮ್ಮ ದುಡ್ಡು ವಾಪಸ್. ನಾನೂ ಹಾಗೇ ಮಾಡಿದೆ. ವೆಂಡೆಲ್ ವೈರು ಕತ್ತರಿಸಿದ, ಫೋಟೊ ಕಳಿಸಿದ, ದುಡ್ಡೂ ಪಡೆದ. ಆದರೆ ಬಿಸಾಡಲಿಲ್ಲ. ಕತ್ತರಿಸಿದ ತುದಿಗೆ ಬೇರೊಂದು ವೈರು ಗಂಟುಹಾಕಿ ಅದನ್ನು ವರ್ನಾಗೆ ಮಾರಿದ. "ಹಳೇ ವೈರನ್ನ ನಾಯಿ ಕಚ್ಚಿಬಿಟ್ಟಿತ್ತು, ಹೊಸದು ಹಾಕಿದೀನಿ" ಎಂದಿದ್ದನಂತೆ.

ಮಾರ್ಚ್ ತಿಂಗಳ ಒಂದು ಮುಂಜಾವ ಅದು ಹೊತ್ತಿಕೊಂಡಿತು. ಆರಿಸಲು ಕೆಳಗಿಳಿದವನು ಅವಳ ಗಂಡ ಆರಿನ್. ಊರಿನ ಅರ್ಧ ಗಂಡಸರ ತಲೆಗೂದಲು ಕತ್ತರಿಸುತ್ತಿದ್ದ ಕ್ಷೌರಿಕ ಅವನು. ಎರಡೂ ಕೈ ಬೆಂದುಹೋದವು. ಬೆರಳುಗಳು ಈಗ ಮಡಚುವುದಿಲ್ಲ. ಅಂಗಿಯ ಗುಂಡಿಯನ್ನೂ ವರ್ನಾಳೇ ಹಾಕಬೇಕು.

ಅಗ್ನಿಶಾಮಕದವನೊಬ್ಬ ಬೂದಿಯೊಳಗಿಂದ ವೈರಿನ ಗಂಟನ್ನು ಎತ್ತಿ ತೋರಿಸಿದ. ಅದನ್ನು ಹಿಡಿದುಕೊಂಡೇ ಅವಳು ವೆಂಡೆಲ್‌ನ ಮನೆಗೆ ಹೋದಳು.

"ನಾನ್ಯಾವಾಗ ಮಾರಿದೆ ನಿಂಗೆ? ರಸೀದಿ ಇದ್ಯಾ?" ಎಂದು ಅವನು ಬಾಗಿಲು ಹಾಕಿಕೊಂಡ. ಪೊಲೀಸರೂ ರಸೀದಿಯನ್ನೇ ಕೇಳಿದರು.

ಅದಕ್ಕೇ ಅವಳು ಸಂತೆಗೆ ಬಂದದ್ದು. ವೆಂಡೆಲ್‌ನ ಅಂಗಡಿಗೆ ಯಾರು ಕಾಲಿಟ್ಟರೂ ಇಲ್ಲಿಂದಲೇ ಕೂಗುತ್ತಿದ್ದಳು: "ಅಲ್ಲಿ ಕೊಳ್ಳೋ ಮುಂಚೆ ಇಲ್ಲೊಂದ್ಸಲ ನೋಡ್ಕೊಂಡ್ ಹೋಗಿ! ಇದೂ ಅವನೇ ಮಾರಿದ್ದು!"

ಮೂರನೆಯ ವಾರ ವೆಂಡೆಲ್ ಅವಳ ಮೇಜಿನ ಹತ್ತಿರ ಬಂದ. "ತಾಯಿ, ನಿನ್ನ ಬಾಯಿಗೊಂದು ಬೀಗ ಹಾಕ್ತೀಯಾ? ನನ್ನ ಹೊಟ್ಟೆ ಮೇಲೆ ಯಾಕೆ ಹೊಡೀತೀಯ?"

"ನಿನ್ನ ಹೊಟ್ಟೇನಾದ್ರೂ ಇದೆ. ನನ್ನ ಗಂಡನ ಕೈ ಎಲ್ಲಿ?"

"ಈ ಹೆಂಗಸಿಗೆ ತಲೆ ಕೆಟ್ಟಿದೆ" ಎಂದು ಅವನು ಸುತ್ತಲಿದ್ದವರನ್ನು ನೋಡಿ ನಕ್ಕ. ಕೆಲವರು ನಕ್ಕರು ಕೂಡ. ಅವರಲ್ಲಿ ಇಬ್ಬರು ಆರಿನ್‌ನ ಹಳೇ ಗಿರಾಕಿಗಳು. ಆ ನಗು ಅವಳ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು.

ಜೂನ್ ಕೊನೆಯಲ್ಲಿ ಎಳೆಯ ಜೋಡಿಯೊಂದು ಬಂತು. ಹುಡುಗಿ ತುಂಬು ಬಸುರಿ. ವೆಂಡೆಲ್ ಚಾದರದಡಿಯಿಂದ ಯಂತ್ರವೊಂದನ್ನು ಎಳೆದು ತೋರಿಸುತ್ತಿದ್ದ. ಅದೇ ಕಂಪನಿಯದು, ಅದೇ ಬೂದುಬಣ್ಣದ್ದು. "ಮಗು ಕೋಣೆಗೆ ಹೇಳಿ ಮಾಡಿಸಿದ ಹಾಗಿದೆ. ಚೂರೂ ಸದ್ದಿಲ್ಲ."

ವರ್ನಾ ಎದ್ದಳು. ಅವಳು ಕೂಗಾಡುತ್ತಾಳೆಂದುಕೊಂಡೆ. ಕೂಗಲಿಲ್ಲ. ನೆಟ್ಟಗೆ ಹೋಗಿ ಅವನೆದುರು ನಿಂತಳು.

"ಒಳ್ಳೇ ಯಂತ್ರ ಅಂತೀಯಾ ವೆಂಡೆಲ್?"

"ಹೌದು, ಒಳ್ಳೇದೇ."

"ಸರಿ ಹಾಗಾದ್ರೆ. ನಾನೇ ಕೊಂಡ್ಕೋತೀನಿ, ಕೇಳಿದಷ್ಟು ಕೊಡ್ತೀನಿ. ಅದಕ್ಕೂ ಮುಂಚೆ ಇವತ್ತು ಒಂದೇ ಒಂದು ರಾತ್ರಿ ನಿನ್ನ ಮಗಳ ಮಂಚದ ಪಕ್ಕ ಆನ್ ಮಾಡಿಡು. ಬೆಳಿಗ್ಗೆ ಊರವರ ಮುಂದೆ ನಿನ್ನ ಕಾಲಿಗೆ ಬಿದ್ದು ಹೋಗ್ತೀನಿ."

ಸುತ್ತ ಜನ ಸೇರಿದ್ದರು. ವೆಂಡೆಲ್ ಮೊಂಡಾಗಿ, "ಇಡ್ತೀನಿ, ಅದರಲ್ಲೇನಿದೆ?" ಎಂದ.

"ಬೇಡ!"

ಕೂಗಿದ್ದು ಹಿಂದೆ ಪಿಂಗಾಣಿ ಬಸಿಗಳನ್ನು ಒರೆಸುತ್ತಿದ್ದ ಅವನ ಹೆಂಡತಿ ಮಾರ್ಲಿಸ್. "ಅದನ್ನ ನಮ್ಮನೆ ಒಳಗೆ ತರಬೇಡ ವೆಂಡೆಲ್. ನಿಂಗೆ ಗೊತ್ತಲ್ಲ!"

ಹೇಳಿದ ಮೇಲೆ ಅವಳಿಗೇ ಅರಿವಾಗಿ ಬಾಯಿ ಮುಚ್ಚಿಕೊಂಡಳು. ಬಸುರಿ ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. ಅವಳ ಗಂಡ ಯಂತ್ರದ ವೈರನ್ನು ಎಳೆದು ನೋಡಿದ. ನಡುವೆ ಕಪ್ಪು ಟೇಪು ಸುತ್ತಿದ ಗಂಟು.

"ಏನ್ ಗೊತ್ತು ಮಾರ್ಲಿಸ್? ಗಟ್ಟಿಯಾಗಿ ಹೇಳು, ಹಿಂದಿನವರಿಗೆ ಕೇಳಿಸ್ಲಿಲ್ಲ" ಎಂದಳು ವರ್ನಾ.

ಮಾರ್ಲಿಸ್ ಅಳತೊಡಗಿದಳು. ನನಗೆ ಅಯ್ಯೋ ಅನ್ನಿಸಿತು. ವರ್ನಾಗೆ ಅನ್ನಿಸಲಿಲ್ಲ. ಅವಳ ಮುಖದಲ್ಲಿ ನಾನು ಅಂದು ಕಂಡದ್ದು ಬರೀ ತೃಪ್ತಿ.

ಈ ಸಲ ಪೊಲೀಸರು ರಸೀದಿ ಕೇಳಲಿಲ್ಲ. ಚಾದರದಡಿ ಅಂಥವೇ ಇನ್ನೂ ನಾಲ್ಕು ಸಿಕ್ಕವು, ಊರವರು ಬಿಸಾಡಿದ್ದನ್ನು ಅವನು ಆಯ್ದು ತಂದವು. ವೆಂಡೆಲ್‌ಗೆ ದಂಡ ಬಿತ್ತು, ನಮ್ಮ ಸಂತೆಯಿಂದ ಅವನನ್ನು ಹೊರಹಾಕಿದರು. ಇಷ್ಟಕ್ಕೆ ಮುಗಿಯಿತು ಅಂದುಕೊಂಡೆ.

ಆಗಸ್ಟಿನಲ್ಲಿ ವರ್ನಾ ಫೋನು ಮಾಡಿದಳು. "ನದಿ ಆಚೆ ಸಂತೇಲಿ ಅಂಗಡಿ ಇಟ್ಟಿದಾನಂತೆ. ಕಾರು ತೆಗಿ."

"ಸಾಕು ಬಿಡೇ. ಅನುಭವಿಸಿದಾನೆ."

"ಆರಿನ್ ಕೂಡ ಬರ್ತಾನೆ."

ಆರಿನ್ ಮುಂದಿನ ಸೀಟಿನಲ್ಲಿ ಕೂತ. ಕೈಗಳನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡಿದ್ದ. ನಮ್ಮನ್ನು ಕಂಡದ್ದೇ ವೆಂಡೆಲ್‌ನ ಮುಖ ಬಿಳಿಚಿಕೊಂಡಿತು. ಮಾರ್ಲಿಸ್ ಜೊತೆಗಿರಲಿಲ್ಲ. ಮಗಳನ್ನು ಕರೆದುಕೊಂಡು ತವರಿಗೆ ಹೋಗಿದ್ದಾಳೆಂದು ಆಮೇಲೆ ತಿಳಿಯಿತು.

"ಎಲ್ಲೀವರೆಗೆ ಬರ್ತೀಯ ಹೀಗೆ ನನ್ನ ಹಿಂದೆ?" ಎಂದ ವೆಂಡೆಲ್.

ಉತ್ತರ ಕೊಟ್ಟದ್ದು ಆರಿನ್. "ನೀನು ಎಲ್ಲೀವರೆಗೆ ಹೋಗ್ತೀಯೋ ಅಲ್ಲೀವರೆಗೆ."

ವೆಂಡೆಲ್ ಒಂದೊಂದೇ ಸಾಮಾನನ್ನು ವ್ಯಾನಿಗೆ ತುಂಬತೊಡಗಿದ. ಕೊನೆಯ ಪೆಟ್ಟಿಗೆ ಏರುವವರೆಗೂ ಇಬ್ಬರೂ ನಿಂತು ನೋಡಿದರು.

ವಾಪಸ್ ಬರುವಾಗ ವರ್ನಾ, "ಹೊಟ್ಟೆ ಹಸೀತಿದೆ" ಎಂದಳು. ಸೇತುವೆಯ ಹತ್ತಿರದ ಹೋಟೆಲಿನಲ್ಲಿ ಕರಿದ ಮೀನು ತರಿಸಿದೆವು. ಮುಳ್ಳು ಬಿಡಿಸಿ ಅವಳು ಗಂಡನಿಗೆ ತಿನ್ನಿಸಿದಳು. ಆಮೇಲೆ ತಾನೂ ಹೊಟ್ಟೆ ತುಂಬ ತಿಂದಳು.