ಪ್ಲಸ್ ಒಂದೂ ಮುಕ್ಕಾಲು

ಮಾತ್ರೆ ಶುರು ಮಾಡಿದ ಆರನೆಯ ದಿನ ಕನ್ನಡಕದಂಗಡಿಯ ಯಜಮಾನರಿಗೆ ಲೆನ್ಸಿನ ಪೊಟ್ಟಣದ ಮೇಲಿನ ಅಂಕಿ ಓದಲಾಗಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮೂರೋ ಎಂಟೋ ತಿಳಿಯಲಿಲ್ಲ. ಅಂಗಡಿಯ ಹಿಂಬದಿಯಲ್ಲಿ ಲೆನ್ಸ್ ಅರೆಯುತ್ತಿದ್ದವನು ಅವರ ಹೆಂಡತಿಯ ತಮ್ಮ. ಅವನು ಭಾವ ಭಾವ ಎಂದು ಕರೆಯುವುದನ್ನು ಕೇಳಿ ಕೇಳಿ ಬೀದಿಗೆಲ್ಲ ಅವರು ಭಾವನೇ ಆಗಿದ್ದರು.

ಹೀಗಾಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು. ಬಹಳ ದಿನ ಏರಿದ್ದ ಸಕ್ಕರೆ ಇಳಿಯತೊಡಗಿದಾಗ ಕಣ್ಣೊಳಗಿನ ಮಸೂರದಲ್ಲಿ ನೀರಿನಂಶ ಏರುಪೇರಾಗುತ್ತದೆ, ಅದರಿಂದ ಪವರ್ ಬದಲಾಗುತ್ತದೆ, ಐದಾರು ವಾರದಲ್ಲಿ ತಾನಾಗಿ ಒಂದು ಕಡೆ ನಿಲ್ಲುತ್ತದೆ, ಅಲ್ಲಿಯವರೆಗೆ ಹೊಸ ಕನ್ನಡಕ ಬೇಡ ಎಂದಿದ್ದರು. ಬೇರೆಯವರಾಗಿದ್ದರೆ ಕಾಯುತ್ತಿದ್ದರೇನೋ. ಭಾವನ ಕೈಗೆಟುಕುವಷ್ಟು ಹತ್ತಿರ ಪರೀಕ್ಷೆಯ ಲೆನ್ಸುಗಳ ಪೆಟ್ಟಿಗೆಯಿತ್ತು, ಎದುರು ಗೋಡೆಯಲ್ಲಿ ಅಕ್ಷರದ ಹಲಗೆಯಿತ್ತು. ದಿನಾ ಬೆಳಿಗ್ಗೆ ಗಿರಾಕಿಗಳು ಬರುವ ಮೊದಲು ತಮ್ಮ ಕಣ್ಣನ್ನು ತಾವೇ ಅಳೆದು ಒಂದು ಚೀಟಿಯಲ್ಲಿ ಬರೆದಿಡುತ್ತಿದ್ದರು. ಮಾತ್ರೆಗೆ ಮೊದಲು ಮೈನಸ್ ಒಂದು, ದೂರದ್ದು ಮಸುಕು. ಆರನೆಯ ದಿನ ಪ್ಲಸ್ ಒಂದು, ಹತ್ತಿರದ್ದು ಮಸುಕು. ಆವತ್ತೇ ಹೊಸ ಕನ್ನಡಕ ಮಾಡಿಸಿಕೊಂಡರು. ಹತ್ತನೆಯ ದಿನ ಅದೂ ಸಾಲದೆ ಪ್ಲಸ್ ಒಂದೂ ಮುಕ್ಕಾಲು. ಇನ್ನೊಂದು ಕನ್ನಡಕ.

“ಭಾವ, ಈ ತಿಂಗಳು ಅಂಗಡಿ ನಿಮ್ಮೊಬ್ಬರ ವ್ಯಾಪಾರದಿಂದಲೇ ನಡೀತಿದೆ” ಎಂದ ಮೈದುನ.

ಭಾವ ನಗಲಿಲ್ಲ. ಮೂವತ್ತೊಂದು ವರ್ಷ ಆ ಪರೀಕ್ಷೆಯ ಕೋಣೆಯಲ್ಲಿ ಅವರನ್ನು ಬಿಟ್ಟು ಬೇರೆ ಯಾರೂ ಗಿರಾಕಿಯ ಕಣ್ಣು ನೋಡಿರಲಿಲ್ಲ. ತಮ್ಮ ಕಣ್ಣೇ ಕೈಕೊಟ್ಟರೆ ಆ ಕೋಣೆಗೆ ಬೀಗ ಹಾಕಬೇಕು. ಚೀಟಿಯನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದರು. ಕಾಯಿಲೆ ಗೊತ್ತಾಗುವ ಮೊದಲಿನ ಮೂರು ತಿಂಗಳು ಅವರು ಕನ್ನಡಕವಿಲ್ಲದೆ ಪೇಪರ್ ಓದುತ್ತಿದ್ದರು. ವಯಸ್ಸು ಹಿಂದಕ್ಕೆ ಹೋಗುತ್ತಿದೆ ಎಂದು ಹೆಂಡತಿಯ ಮುಂದೆ ಜಂಬವನ್ನೂ ಕೊಚ್ಚಿಕೊಂಡಿದ್ದರು. ದೂರದ ಬಸ್ಸಿನ ಬೋರ್ಡು ಮಸುಕಾಗಿದ್ದನ್ನು ಧೂಳಿನ ತಲೆಗೆ ಕಟ್ಟಿದ್ದರು. ಮಾತ್ರೆ ಬಂತು, ಕಣ್ಣು ಕೆಟ್ಟಿತು. ಅಂಕಿಗಳೂ ಅದನ್ನೇ ಹೇಳುತ್ತಿದ್ದವು. ಅವರು ಅಂಕಿಯನ್ನು ನಂಬುವ ಮನುಷ್ಯ. ಹದಿಮೂರನೆಯ ದಿನದಿಂದ ಮಾತ್ರೆಗಳು ಡಬ್ಬಿಯಿಂದ ಖಾಲಿಯಾಗುತ್ತಿದ್ದವು, ಆದರೆ ಸೇರುತ್ತಿದ್ದುದು ಲೆನ್ಸಿನ ಚೂರುಗಳ ಕಸದ ಬುಟ್ಟಿಗೆ.

ಕಣ್ಣು ತಿಳಿಯಾಗತೊಡಗಿತು. ಎರಡೂ ಹೊಸ ಕನ್ನಡಕಗಳು ಡ್ರಾಯರು ಸೇರಿದವು.

ಮಾತ್ರೆ ಬಿಟ್ಟ ಹನ್ನೆರಡನೆಯ ದಿನ ಅದೇ ಬೀದಿಯ ಮೂರನೆಯ ಅಂಗಡಿಯ ಹೊಲಿಗೆಯಾಕೆ ಬಂದು, ಎರಡು ವಾರದ ಹಿಂದೆ ಮಾಡಿಸಿಕೊಂಡ ಕನ್ನಡಕವನ್ನು ಗಾಜಿನ ಮೇಜಿನ ಮೇಲಿಟ್ಟಳು.

“ಭಾವ, ದಾರ ಪೋಣಿಸೋಣ ಅಂದ್ರೆ ಸೂಜೀನೇ ಓಡಾಡುತ್ತೆ. ತಲೆ ಸಿಡೀತಿದೆ.”

ಆಗ ಅವಳ ಹಳೆಯ ಕನ್ನಡಕ ಮುರಿದಿತ್ತು, ಅದೇ ಪವರಿನದು ಬೇಕೆಂದಿದ್ದಳು. ಹಳೆಯದರ ಗಾಜು ಇನ್ನೂ ಅವಳ ಚೀಲದಲ್ಲಿತ್ತು. ಭಾವ ಅದನ್ನು ಗಾಜಿನ ಪವರ್ ಅಳೆಯುವ ಲೆನ್ಸೋಮೀಟರಿನಲ್ಲಿಟ್ಟು ನೋಡಿದರು. ಎರಡು. ಹೊಸದನ್ನಿಟ್ಟರು. ಎರಡೂವರೆ. ಅರೆದದ್ದು ಯಾರು ಎಂದು ಮೈದುನನ ಕಡೆ ತಿರುಗಿದರು.

“ಅರೆದಿದ್ದು ನಾನೇ. ಎರಡೂವರೆ ಅಂತ ಬರ್ಕೊಟ್ಟಿದ್ದು ನೀವು.”

ಆ ಯಂತ್ರದಲ್ಲಿ ಕನ್ನಡಕ ತೆಗೆದು ಬರಿಗಣ್ಣಿಟ್ಟು ನೋಡುವ ಕೊಳವೆಯನ್ನು ನೋಡುವವರು ತಮ್ಮ ಕಣ್ಣಿಗೆ ತಕ್ಕಂತೆ ತಿರುಗಿಸಿಕೊಳ್ಳಬೇಕು. ಭಾವ ಎಂದೋ ತಮ್ಮ ಕಣ್ಣಿಗೆ ಹೊಂದಿಸಿ, ಬೇರೆ ಯಾರೂ ಕೈಯಾಡಿಸದಿರಲೆಂದು ಟೇಪು ಸುತ್ತಿಟ್ಟಿದ್ದರು. ಕಣ್ಣು ಬದಲಾಯಿತು, ಕೊಳವೆ ಬದಲಾಗಲಿಲ್ಲ. ಆ ವಾರ ಯಂತ್ರ ತೋರಿದ್ದೆಲ್ಲ ಅರ್ಧ ಪವರಿನಷ್ಟು ತಪ್ಪು.

“ಕಣ್ಣಿಗೂ ಟೇಪು ಸುತ್ತೋಕಾಗುತ್ತಾ ಭಾವ?” ಎಂದ ಮೈದುನ.

“ಆಗ ಮಾತ್ರೆ ನುಂಗ್ತಿದ್ದೆ, ಅದಕ್ಕೇ ಹೀಗಾಗಿದ್ದು” ಎಂದರು ಭಾವ, ಗೆದ್ದವರ ದನಿಯಲ್ಲಿ. “ಬಿಟ್ಟು ಹನ್ನೆರಡು ದಿನ ಆಯ್ತು. ಈಗ ಎಷ್ಟು ಚೆನ್ನಾಗಿ ಕಾಣ್ತಿದೆ ನೋಡು.”

ಮೇಜಿನ ಇನ್ನೊಂದು ತುದಿಯಲ್ಲಿ ಫ್ರೇಮು ಜೋಡಿಸುತ್ತಿದ್ದ ಹೆಂಡತಿ ಕೈಯಲ್ಲಿದ್ದುದನ್ನು ಕೆಳಗಿಟ್ಟಳು. ಅವಳು ರೇಗಲಿಲ್ಲ. ಚೀಲದಿಂದ ಸಕ್ಕರೆ ಅಳೆಯುವ ಪುಟ್ಟ ಯಂತ್ರ ತೆಗೆದು ಬೆರಳು ಕೊಡಿ ಎಂದಳು. ಇಳಿದಿದೆಯಲ್ಲ ಎಂದು ಎರಡು ವಾರದಿಂದ ಅವರು ಬೆರಳು ಕೊಟ್ಟಿರಲಿಲ್ಲ. ಮುನ್ನೂರೈವತ್ತೆರಡು ಬಂತು.

“ನೀವು ಕಣ್ಣು ಮಾತ್ರ ಅಳೆದಿದ್ದೀರಿ. ಇದನ್ನೂ ಪಕ್ಕದಲ್ಲಿ ಬರೀರಿ.”

ತಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದನ್ನು ಅವಳು ಓದುತ್ತ ಹೋದಳು, ಅವರು ಬರೆಯುತ್ತ ಹೋದರು. ಮೈನಸ್ ಒಂದರ ಪಕ್ಕ ಮುನ್ನೂರೆಂಬತ್ತಾರು. ಪ್ಲಸ್ ಒಂದರ ಪಕ್ಕ ಇನ್ನೂರ ನಲವತ್ತು. ಪ್ಲಸ್ ಒಂದೂ ಮುಕ್ಕಾಲಿನ ಪಕ್ಕ ನೂರ ಎಂಬತ್ತೆರಡು. ಈ ಬೆಳಗಿನ ಮೈನಸ್ ಅರ್ಧದ ಪಕ್ಕ ಮುನ್ನೂರೈವತ್ತೆರಡು. ಪೇಪರ್ ಚೆನ್ನಾಗಿ ಕಂಡ ದಿನಗಳೇ ರಕ್ತ ಅತಿ ಕೆಟ್ಟಿದ್ದ ದಿನಗಳು. ಭಾವ ಚೀಟಿಯನ್ನು ಎರಡು ಸಲ ಓದಿದರು. ತಪ್ಪು ಹುಡುಕಿದರು, ಸಿಗಲಿಲ್ಲ.

ನೀರು ತರಿಸಿಕೊಂಡು ಮಾತ್ರೆ ನುಂಗಿದರು. ಆ ವಾರ ಕೊಟ್ಟ ಹನ್ನೊಂದು ಕನ್ನಡಕಗಳ ಮಂದಿಗೆ ಫೋನ್ ಮಾಡಿ ವಾಪಸ್ಸು ಕರೆಸಲು ಮೈದುನನಿಗೆ ಹೇಳಿದರು. ಪರೀಕ್ಷೆಯ ಕೋಣೆಯ ದೀಪ ಆರಿಸಿದರು. ಆಮೇಲೆ ಹೊಲಿಗೆಯಾಕೆಯನ್ನು ಕರೆದುಕೊಂಡು ರಸ್ತೆ ದಾಟಿದರು. ಆ ಬದಿಯಲ್ಲಿ ಇನ್ನೊಂದು ಕನ್ನಡಕದಂಗಡಿ ತೆರೆದು ಎಂಟು ವರ್ಷವಾಗಿತ್ತು. ಭಾವ ಅದರ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಅಲ್ಲಿಯವನು ಗಡಬಡಿಸಿ ಎದ್ದು, ಕುರ್ಚಿ ಯಾರಿಗೆ ಹಾಕಲಿ ಎಂದ.

“ಇವರಿಗೆ. ನನ್ನ ಕಣ್ಣು ಒಂದೆರಡು ತಿಂಗಳು ನಂಬೋ ಹಾಗಿಲ್ಲ. ನಮ್ಮ ಗಿರಾಕಿಗಳನ್ನ ನೀವೇ ನೋಡಿ ಬರ್ಕೊಡಿ, ಲೆನ್ಸ್ ನಾವು ಹಾಕ್ತೀವಿ.”

ಅವನು ಪರೀಕ್ಷಿಸಿ ಸಣ್ಣ ಅಕ್ಷರದಲ್ಲಿ ಪವರ್ ಬರೆದುಕೊಟ್ಟ. ಭಾವನಿಗೆ ಪ್ರತಿಯೊಂದು ಅಂಕಿಯೂ ಕಡೆದಿಟ್ಟಂತೆ ಕಾಣುತ್ತಿತ್ತು. ಚೀಟಿ ಮಡಿಸಿ ಜೇಬಿಗಿಟ್ಟುಕೊಂಡರು.

“ಮುಂದಿನ ವಾರದಿಂದ ಸ್ವಲ್ಪ ದಪ್ಪಗೆ ಬರೀರಿ” ಎಂದರು.